ಟಿವಿಗೆ ಬರುವ ಮೊದಲಿನ ಟೆನಿಸ್

2012ರ ನವೆಂಬರ್‌ನಲ್ಲಿ ಪುಣೆಯಲ್ಲಿ ಮಹಿಳಾ ಟೆನಿಸ್‌ನ ಒಂದು ಫೈನಲ್ ನಡೆಯಿತು. ನೆಟ್‌ನ ಒಂದು ಕಡೆ ಉಕ್ರೇನಿನ ಎಲಿನಾ ಸ್ವಿಟೋಲಿನಾ, ವಯಸ್ಸು 18. ಇನ್ನೊಂದು ಕಡೆ ಜಪಾನಿನ ಕಿಮಿಕೊ ದಾತೆ, ವಯಸ್ಸು 42. ದಾತೆ 1995ರಲ್ಲೇ ವಿಶ್ವದ 4ನೇ ರ‍್ಯಾಂಕ್ ಮುಟ್ಟಿದ್ದವರು. 1996ರಲ್ಲಿ ಆಟ ಬಿಟ್ಟರು, 2008ರಲ್ಲಿ ಮತ್ತೆ ಬಂದರು. ಪುಣೆಯಲ್ಲಿ ಗೆದ್ದದ್ದು ಸ್ವಿಟೋಲಿನಾ. ಮುಂದೆ ಅವರು ವಿಶ್ವದ 3ನೇ ರ‍್ಯಾಂಕ್‌ವರೆಗೆ ಹೋದರು.

ಆ ವಾರ ಪುಣೆಯಲ್ಲಿದ್ದ ಎಷ್ಟು ಕನ್ನಡಿಗರಿಗೆ ಈ ಫೈನಲ್ ವಿಷಯ ಗೊತ್ತಿತ್ತೋ ಏನೋ. ನಮ್ಮಲ್ಲಿ ಟೆನಿಸ್ ಅಂದರೆ ಜೂನ್-ಜುಲೈನಲ್ಲಿ ಟಿವಿಯಲ್ಲಿ ಬರುವ ವಿಂಬಲ್ಡನ್, ಇಲ್ಲವೇ ಸಾನಿಯಾ ಮಿರ್ಜಾ ಸುದ್ದಿ. ಆದರೆ ಪುಣೆ ಪಕ್ಕದ ಪಿಂಪ್ರಿಯಲ್ಲೂ ಮುಂಬೈ ಪಕ್ಕದ ಡೊಂಬಿವಲಿಯಲ್ಲೂ ಈಗ ಮಗಳನ್ನು ಟೆನಿಸ್ ಕೋಚಿಂಗ್‌ಗೆ ಹಾಕಿರುವ ಕನ್ನಡದ ಮನೆಗಳು ಸಾಕಷ್ಟಿವೆ. ಕನ್ನಡ ಸಂಘದ ಕಾರ್ಯಕ್ರಮಗಳಲ್ಲಿ ಸಿಕ್ಕಾಗ ಅವರು ಕೇಳುವ ಪ್ರಶ್ನೆ ಒಂದೇ: "ಚೆನ್ನಾಗಿ ಆಡ್ತಾಳೆ ಕಣ್ರೀ, ಮುಂದೆ ಏನು?" ಈ ಮುಂದಿನದ್ದು ಹೇಗೆ ನಡೆಯುತ್ತದೆ ಅನ್ನುವುದನ್ನು ಇಲ್ಲಿ ಬಿಡಿಸಿ ನೋಡೋಣ. ನನ್ನ ಮಟ್ಟಿಗೆ ಒಬ್ಬ ಆಟಗಾರ್ತಿಯ ಬದುಕು ತೀರ್ಮಾನವಾಗುವುದು ವಿಂಬಲ್ಡನ್‌ನಲ್ಲಿ ಅಲ್ಲ. ರ‍್ಯಾಂಕ್ 600ರಿಂದ 100ರ ನಡುವಿನ ಆ ಉದ್ದ ದಾರಿಯಲ್ಲಿ. ಅದರ ಒಂದಿಷ್ಟು ಭಾಗ ನಮ್ಮ ಮನೆ ಪಕ್ಕದಲ್ಲೇ ಹಾದುಹೋಗುತ್ತದೆ.

ಮೊದಲು ಒಂದು ವಿಷಯ ಸ್ಪಷ್ಟವಾಗಬೇಕು. ಕ್ರಿಕೆಟ್‌ನಲ್ಲಿ ಆಯ್ಕೆ ಸಮಿತಿ ಇದೆ, ತಂಡ ಇದೆ, ವರ್ಷದ ಗುತ್ತಿಗೆ ಇದೆ. ಟೆನಿಸ್‌ನಲ್ಲಿ ಇದ್ಯಾವುದೂ ಇಲ್ಲ. ಸಂಬಳ ಕೊಡುವವರಿಲ್ಲ. ಯಾವ ವಾರ ಯಾವ ಊರಿನಲ್ಲಿ ಆಡಬೇಕು ಅನ್ನುವುದನ್ನು ಆಟಗಾರ್ತಿಯೇ ನಿರ್ಧರಿಸಬೇಕು. ವಿಮಾನ, ವೀಸಾ, ಹೋಟೆಲ್, ಕೋಚ್, ಫಿಸಿಯೊ, ರ‍್ಯಾಕೆಟ್‌ಗೆ ತಂತಿ ಕಟ್ಟಿಸುವುದು, ಎಲ್ಲ ಅವಳ ಕೈಯಿಂದಲೇ. ಮುಂಬೈನ ಮಾಟುಂಗಾದಲ್ಲೋ ಫೋರ್ಟ್‌ನಲ್ಲೋ ಹೋಟೆಲ್ ನಡೆಸುವ ನಮ್ಮವರಿಗೆ ಇದು ಬೇಗ ಅರ್ಥವಾಗುತ್ತದೆ. ಗಿರಾಕಿ ಬರಲಿ ಬಿಡಲಿ, ಬಾಡಿಗೆ ಮತ್ತು ಸಂಬಳದ ಖರ್ಚು ನಿಲ್ಲುವುದಿಲ್ಲ. ಇವಳೂ ಹಾಗೆಯೇ: ಮೊದಲ ಸುತ್ತಿನಲ್ಲಿ ಸೋತರೂ ಆ ವಾರದ ಖರ್ಚು ಪೂರ್ತಿ.

ಈಗ ಮೆಟ್ಟಿಲುಗಳು. ಕೆಳಗಿನವು ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್, ಅಂದರೆ ಐಟಿಎಫ್ ನಡೆಸುವ ಟೂರ್ನಿಗಳು: ಡಬ್ಲ್ಯು15, ಡಬ್ಲ್ಯು35, ಡಬ್ಲ್ಯು50, ಡಬ್ಲ್ಯು75, ಡಬ್ಲ್ಯು100. ಗೆದ್ದವಳಿಗೆ ಸಿಗುವ ಪಾಯಿಂಟ್ ಹೆಸರಿನಲ್ಲೇ ಇದೆ. ಡಬ್ಲ್ಯು35 ಗೆದ್ದರೆ 35 ಪಾಯಿಂಟ್. ಇದರ ಮೇಲೆ ಮಹಿಳಾ ಟೆನಿಸ್ ಸಂಸ್ಥೆಯಾದ ಡಬ್ಲ್ಯುಟಿಎ ಟೂರ್ನಿಗಳು: 125, 250, 500, 1000. ಎಲ್ಲಕ್ಕಿಂತ ಮೇಲೆ ನಾಲ್ಕು ಗ್ರ್ಯಾಂಡ್ ಸ್ಲಾಮ್, ಗೆದ್ದರೆ 2000 ಪಾಯಿಂಟ್.

ರ‍್ಯಾಂಕಿಂಗ್ ಅಂದರೆ ಈ ಪಾಯಿಂಟ್‌ಗಳ ಮೊತ್ತ. ಕಳೆದ 52 ವಾರಗಳಲ್ಲಿ ಆಡಿದ ಟೂರ್ನಿಗಳಲ್ಲಿ ಸಿಂಗಲ್ಸ್‌ಗೆ ಚೆನ್ನಾಗಿ ಆಡಿದ 18 ಮಾತ್ರ ಲೆಕ್ಕಕ್ಕೆ. ಪಟ್ಟಿಯಲ್ಲಿ ಹೆಸರು ಬರಬೇಕಾದರೂ ಮೂರು ಟೂರ್ನಿಗಳಲ್ಲಿ ಪಾಯಿಂಟ್ ಗಳಿಸಿರಬೇಕು, ಇಲ್ಲವೇ ಒಟ್ಟು 10 ಪಾಯಿಂಟ್ ಇರಬೇಕು. ಡಬ್ಲ್ಯು15ರ ಮುಖ್ಯ ಡ್ರಾದಲ್ಲಿ, ಅಂದರೆ ಪ್ರಶಸ್ತಿಗಾಗಿ ಆಡುವವರ ಮುಖ್ಯ ಪಟ್ಟಿಯಲ್ಲಿ, ಒಂದು ಪಂದ್ಯ ಗೆದ್ದರೆ ಸಿಗುವುದು ಎಷ್ಟು ಗೊತ್ತಾ? 1 ಪಾಯಿಂಟ್.

ಸುಮ್ನೆ ಒಂದು ಲೆಕ್ಕ ಹಾಕಿ ನೋಡಿ. ಒಬ್ಬ ಹುಡುಗಿ ವರ್ಷದಲ್ಲಿ 18 ಡಬ್ಲ್ಯು15 ಆಡಿ, ಹದಿನೆಂಟನ್ನೂ ಗೆದ್ದಳು ಅಂದುಕೊಳ್ಳಿ. ಟೂರ್ನಿಗೆ 5 ಪಂದ್ಯದಂತೆ ಸತತ 90 ಗೆಲುವು. ಕೈಗೆ ಬರುವುದು 270 ಪಾಯಿಂಟ್. ಅಷ್ಟಕ್ಕೂ ಅವಳು ವಿಶ್ವದ ಮೊದಲ 200ರೊಳಗೆ ಬರುವುದಿಲ್ಲ. ಮೊದಲ 100ಕ್ಕೆ ಬೇಕಾಗುವುದು ಸುಮಾರು 700 ಚಿಲ್ಲರೆ. ಅದೇ ವಿಂಬಲ್ಡನ್ ಮುಖ್ಯ ಡ್ರಾದಲ್ಲಿ ಒಂದೇ ಒಂದು ಪಂದ್ಯ ಗೆದ್ದರೆ 70 ಪಾಯಿಂಟ್. ಅಂದರೆ ಸಣ್ಣ ಟೂರ್ನಿಗಳಲ್ಲಿ ಎಷ್ಟು ಗೆದ್ದರೂ ಸಾಲದು, ಆದಷ್ಟು ಬೇಗ ಮೇಲಿನ ಮೆಟ್ಟಿಲಿಗೆ ಕಾಲಿಡಬೇಕು. ಆದರೆ ಮೇಲಿನ ಟೂರ್ನಿಗೆ ಪ್ರವೇಶ ಸಿಗುವುದು ರ‍್ಯಾಂಕ್ ನೋಡಿಯೇ. ಈ ಗಂಟು ಬಿಡಿಸುವುದೇ ಹೆಚ್ಚಿನವರ ವೃತ್ತಿಯ ಮೊದಲ ಐದಾರು ವರ್ಷ.

52 ವಾರದ ನಿಯಮಕ್ಕೆ ಇನ್ನೊಂದು ಮುಖವೂ ಇದೆ. ಈ ಜನವರಿಯಲ್ಲಿ ಪುಣೆಯ ಡಬ್ಲ್ಯು35 ಗೆದ್ದು ತಂದ 35 ಪಾಯಿಂಟ್ ಮುಂದಿನ ಜನವರಿಗೆ ಉದುರಿಹೋಗುತ್ತದೆ. ಆಗ ಮತ್ತೆ ಅಷ್ಟೇ ಗಳಿಸಬೇಕು. ಇದನ್ನೇ ಆಟಗಾರರು ಪಾಯಿಂಟ್ ಡಿಫೆಂಡ್ ಮಾಡುವುದು ಅನ್ನುತ್ತಾರೆ. ಚೆನ್ನಾಗಿ ಆಡುತ್ತಲೇ ಇರುವ ಹುಡುಗಿಯ ರ‍್ಯಾಂಕ್ ಇದ್ದಕ್ಕಿದ್ದಂತೆ ಬಿದ್ದದ್ದನ್ನು ಪತ್ರಿಕೆಯಲ್ಲಿ ನೋಡಿದರೆ, ಕಾರಣ ಬಹಳ ಸಲ ಕಳೆದ ವರ್ಷದ ಗೆಲುವು!

ಹಣದ ಲೆಕ್ಕ ಇನ್ನೂ ಬಿಗಿ. ಡಬ್ಲ್ಯು15 ಟೂರ್ನಿಯ ಒಟ್ಟು ಬಹುಮಾನ 15,000 ಡಾಲರ್. ಸಿಂಗಲ್ಸ್ ಗೆದ್ದವಳಿಗೆ 2,000 ಡಾಲರ್ ಆಸುಪಾಸು. ಮೊದಲ ಸುತ್ತಿನಲ್ಲಿ ಸೋತವಳಿಗೆ 150 ಡಾಲರ್ ಆಚೀಚೆ, ಅದರಲ್ಲೂ ತೆರಿಗೆ ಕಡಿತ. ಟರ್ಕಿಯ ಅಂಟಾಲ್ಯ, ಟ್ಯುನೀಷಿಯದ ಮೊನಾಸ್ಟಿರ್, ಈಜಿಪ್ಟಿನ ಶರ್ಮ್ ಎಲ್ ಶೇಖ್ ಮುಂತಾದ ಊರುಗಳಲ್ಲಿ ಈ ಮಟ್ಟದ ಟೂರ್ನಿಗಳು ವಾರದ ಮೇಲೆ ವಾರ ನಡೆಯುತ್ತವೆ. ಅಲ್ಲಿಗೆ ಹೋಗಿ ಮೂರು-ನಾಲ್ಕು ವಾರ ಠಿಕಾಣಿ ಹೂಡಿದರೆ ವಿಮಾನದ ಖರ್ಚು ಹಂಚಿಹೋಗುತ್ತದೆ. ಟೂರ್ನಿಯ ಹೆಸರಿನ ಮುಂದೆ ಪ್ಲಸ್ ಎಚ್ ಅಂತ ಇದ್ದರೆ ಆಯೋಜಕರೇ ವಸತಿ ಕೊಡುತ್ತಾರೆ, ಅಂಥ ಟೂರ್ನಿಗೆ ಪೈಪೋಟಿ ಜಾಸ್ತಿ.

ಈಗ ಮೇಲಿನ ತುದಿ ನೋಡಿ. 2025ರ ವಿಂಬಲ್ಡನ್‌ನಲ್ಲಿ ಸಿಂಗಲ್ಸ್ ಮೊದಲ ಸುತ್ತಿನಲ್ಲಿ ಸೋತವರಿಗೂ 66,000 ಪೌಂಡ್. ನಮ್ಮ ಲೆಕ್ಕದಲ್ಲಿ 75 ಲಕ್ಷ ರೂಪಾಯಿ ದಾಟುತ್ತದೆ. ಅದೇ ವರ್ಷದ ಆಸ್ಟ್ರೇಲಿಯನ್ ಓಪನ್‌ನಲ್ಲಿ ಕ್ವಾಲಿಫೈಯಿಂಗ್‌ನ, ಅಂದರೆ ಮುಖ್ಯ ಡ್ರಾಗೆ ಮೊದಲಿನ ಅರ್ಹತಾ ಸುತ್ತುಗಳ, ಮೊದಲ ಪಂದ್ಯ ಸೋತವರಿಗೆ 35,000 ಆಸ್ಟ್ರೇಲಿಯನ್ ಡಾಲರ್. ಮುಖ್ಯ ಡ್ರಾ ಕೂಡ ಬೇಡ, ಕ್ವಾಲಿಫೈಯಿಂಗ್ ಸಾಕು, ಒಂದಿಡೀ ಋತುವಿನ ಪ್ರಯಾಣದ ಖರ್ಚಿಗೆ ಆಸರೆಯಾಗುತ್ತದೆ.

ಗ್ರ್ಯಾಂಡ್ ಸ್ಲಾಮ್ ಮುಖ್ಯ ಡ್ರಾದಲ್ಲಿ 128 ಜನ. 104 ಮಂದಿ ರ‍್ಯಾಂಕ್ ಮೇಲೆ ನೇರ ಬರುತ್ತಾರೆ, 16 ಮಂದಿ ಕ್ವಾಲಿಫೈಯಿಂಗ್‌ನ ಮೂರು ಪಂದ್ಯ ಗೆದ್ದು ಬರುತ್ತಾರೆ, ಉಳಿದ 8 ವೈಲ್ಡ್ ಕಾರ್ಡ್, ಅಂದರೆ ಆಯೋಜಕರೇ ಕೊಡುವ ಜಾಗ. ಕ್ವಾಲಿಫೈಯಿಂಗ್‌ಗೆ ಇನ್ನೂ 128 ಜನ. ಆದ್ದರಿಂದ 230-250ರ ಒಳಗಿನ ರ‍್ಯಾಂಕ್ ಇದ್ದರೆ ವರ್ಷಕ್ಕೆ ನಾಲ್ಕು ಸಲ ಈ ಬಾಗಿಲು ತಟ್ಟಬಹುದು. ರ‍್ಯಾಂಕ್ 240 ಮತ್ತು 270ರ ನಡುವೆ ಆಟದಲ್ಲಿ ದೊಡ್ಡ ವ್ಯತ್ಯಾಸ ಇರುವುದಿಲ್ಲ. ಆದಾಯದಲ್ಲಿ ಇರುತ್ತದೆ. ಟಿವಿಯ ಕಾಮೆಂಟರಿಯವರು ಟಾಪ್ 10, ಟಾಪ್ 50 ಅನ್ನುತ್ತಿರುತ್ತಾರೆ, ನನಗೇನೋ ಟೆನಿಸ್‌ನ ದೊಡ್ಡ ಗೆರೆ ಅಂದರೆ ಈ 240 ಅಂತಲೇ ಅನ್ನಿಸುತ್ತದೆ.

ಈ ಗೆರೆಯ ಮೇಲೆ ವರ್ಷಗಟ್ಟಲೆ ಬದುಕಿದವರು ಅಂಕಿತಾ ರೈನಾ. ಹುಟ್ಟೂರು ಅಹಮದಾಬಾದ್. ತಾಯಿ ಎಲ್‌ಐಸಿ ಉದ್ಯೋಗಿ. ಮಗಳ ಆಟಕ್ಕಾಗಿ ಪುಣೆಗೆ ವರ್ಗ ಮಾಡಿಸಿಕೊಂಡರು. ಪುಣೆಯಲ್ಲಿ ಹೇಮಂತ್ ಬೇಂದ್ರೆ ಕೋಚ್ ಆದರು. 2018ರಲ್ಲಿ ಅಂಕಿತಾ ಸಿಂಗಲ್ಸ್‌ನ ಮೊದಲ 200ರೊಳಗೆ ಬಂದರು, ಆ ವರ್ಷವೇ ಜಕಾರ್ತ ಏಷ್ಯನ್ ಗೇಮ್ಸ್‌ನಲ್ಲಿ ಕಂಚು. 2020ರ ಮಾರ್ಚ್‌ನಲ್ಲಿ ರ‍್ಯಾಂಕ್ 160. ಅಷ್ಟರಲ್ಲಿ ಕೊರೊನಾ ಬಂತು, ಟೂರ್ ನಿಂತಿತು.

2021ರ ಆಸ್ಟ್ರೇಲಿಯನ್ ಓಪನ್ ಕ್ವಾಲಿಫೈಯಿಂಗ್ ಆ ವರ್ಷ ದುಬೈಯಲ್ಲಿ ನಡೆಯಿತು. ಅಂಕಿತಾ ಕೊನೆಯ ಸುತ್ತಿನವರೆಗೆ ಹೋಗಿ ಓಲ್ಗಾ ಡ್ಯಾನಿಲೊವಿಚ್‌ಗೆ ಸೋತರು. ಇಂಥ ಸೋಲಿಗೂ ಒಂದು ಆಸೆ ಉಳಿದಿರುತ್ತದೆ. ಮುಖ್ಯ ಡ್ರಾದಿಂದ ಯಾರಾದರೂ ಹಿಂದೆ ಸರಿದರೆ ಕೊನೆಯ ಸುತ್ತಿನಲ್ಲಿ ಸೋತವರನ್ನು ಒಳಗೆ ತೆಗೆದುಕೊಳ್ಳುತ್ತಾರೆ, ಲಕ್ಕಿ ಲೂಸರ್ ಅಂತ. ಅಂಕಿತಾ ಮೆಲ್ಬರ್ನ್‌ಗೆ ಹೋಗಿ ಕಾದರು. ಸಿಂಗಲ್ಸ್ ಜಾಗ ಸಿಗಲಿಲ್ಲ. ಆದರೆ ರೊಮೇನಿಯಾದ ಮಿಹೇಲಾ ಬುಜರ್ನೆಸ್ಕು ಜೊತೆ ಡಬಲ್ಸ್ ಮುಖ್ಯ ಡ್ರಾ ಸಿಕ್ಕಿತು. ಸ್ಲಾಮ್‌ನಲ್ಲಿ ಬೇಗ ಸೋತವರಿಗಾಗಿ ಅಲ್ಲೇ ಫಿಲಿಪ್ ಐಲ್ಯಾಂಡ್ ಟ್ರೋಫಿ ಅಂತ ಒಂದು ಟೂರ್ನಿ ಇಟ್ಟರು. ಅಲ್ಲಿ ರಷ್ಯಾದ ಕಮಿಲಾ ರಖಿಮೊವಾ ಜೊತೆ ಡಬಲ್ಸ್ ಗೆದ್ದರು. ಅದು ಅಂಕಿತಾಗೆ ಮೊದಲ ಡಬ್ಲ್ಯುಟಿಎ ಪ್ರಶಸ್ತಿ. ಡಬಲ್ಸ್ ರ‍್ಯಾಂಕ್ 100ರೊಳಗೆ ಬಂತು, ಆ ಜುಲೈಯಲ್ಲಿ ಸಾನಿಯಾ ಜೊತೆ ಟೋಕಿಯೊ ಒಲಿಂಪಿಕ್ಸ್. ಹೀಗೆ ಒಂದು ಸೋಲಿನ ನಂತರದ ಐದಾರು ವಾರ ಅವರ ಇಡೀ ವರ್ಷವನ್ನು ಬದಲಿಸಿತು. "ಕ್ವಾಲಿಫೈಯಿಂಗ್‌ನಲ್ಲಿ ಅಂಕಿತಾಗೆ ಸೋಲು" ಅನ್ನುವ ಎರಡು ಸಾಲಿನ ಸುದ್ದಿಯಲ್ಲಿ ಇದೆಲ್ಲ ಎಲ್ಲಿ ಕಾಣಬೇಕು?

ಊರಿನಲ್ಲೇ ಟೂರ್ನಿ ನಡೆದರೆ ಏನು ಲಾಭ ಅಂತ ಕೇಳುವವರಿಗೆ ಉತ್ತರ ಇಲ್ಲಿದೆ. ವಿಮಾನ ಬೇಡ, ವೀಸಾ ಬೇಡ. ಅದಕ್ಕಿಂತ ಮುಖ್ಯವಾಗಿ ವೈಲ್ಡ್ ಕಾರ್ಡ್. ರ‍್ಯಾಂಕ್ ಸಾಲದಿದ್ದರೂ ಆಯೋಜಕರು ಕೆಲವರಿಗೆ ನೇರ ಜಾಗ ಕೊಡಬಹುದು. ಸಹಜವಾಗಿ ಅದು ಸ್ಥಳೀಯರಿಗೇ ಹೆಚ್ಚು ಸಿಗುತ್ತದೆ. ಮುಂಬೈನ ಚರ್ಚ್‌ಗೇಟ್ ಬಳಿ, ಬ್ರೆಬೋರ್ನ್ ಸ್ಟೇಡಿಯಂ ಇರುವ ಕ್ರಿಕೆಟ್ ಕ್ಲಬ್ ಆಫ್ ಇಂಡಿಯಾದ ಕೋರ್ಟ್‌ಗಳಲ್ಲಿ ಮುಂಬೈ ಓಪನ್ ನಡೆಯುತ್ತದೆ. ಡಬ್ಲ್ಯುಟಿಎ 125 ಮಟ್ಟದ್ದು. 2025ರಲ್ಲಿ ಕೊಯಮತ್ತೂರಿನ ಮಾಯಾ ರಾಜೇಶ್ವರನ್ ರೇವತಿಗೆ ಅಲ್ಲಿ ಕ್ವಾಲಿಫೈಯಿಂಗ್‌ಗೆ ವೈಲ್ಡ್ ಕಾರ್ಡ್ ಸಿಕ್ಕಿತು. ವಯಸ್ಸು 15. ಕ್ವಾಲಿಫೈಯಿಂಗ್ ದಾಟಿ, ಮುಖ್ಯ ಡ್ರಾದಲ್ಲೂ ಗೆಲ್ಲುತ್ತಾ ಸೆಮಿಫೈನಲ್‌ಗೆ ಹೋದಳು. ಅಲ್ಲಿ ಸೋತದ್ದು ಜಿಲ್ ಟೈಕ್‌ಮನ್‌ಗೆ, ಆ ವರ್ಷದ ಪ್ರಶಸ್ತಿ ಗೆದ್ದದ್ದೂ ಅವರೇ. ಡಬ್ಲ್ಯು15ಗಳಲ್ಲಿ ತಿಂಗಳುಗಟ್ಟಲೆ ಅಲೆದು ಗಳಿಸಬೇಕಾದ ಪಾಯಿಂಟ್ ಒಂದೇ ವಾರದಲ್ಲಿ ಬಂತು.

ಇದೇ ಕೋರ್ಟ್‌ನಲ್ಲಿ 2017ರ ನವೆಂಬರ್‌ನಲ್ಲಿ ಬೆಲಾರೂಸ್‌ನ 19 ವರ್ಷದ ಹುಡುಗಿಯೊಬ್ಬಳು ಫೈನಲ್‌ನಲ್ಲಿ ಡೊಮಿನಿಕಾ ಸಿಬುಲ್ಕೋವಾ ಅವರನ್ನು ಸೋಲಿಸಿದಳು. ಸಿಬುಲ್ಕೋವಾ ಆಸ್ಟ್ರೇಲಿಯನ್ ಓಪನ್ ಫೈನಲ್ ಆಡಿದ್ದವರು. ಹುಡುಗಿಯ ಹೆಸರು ಅರೀನಾ ಸಬಲೆಂಕಾ. 2023ರ ಸೆಪ್ಟೆಂಬರ್‌ನಲ್ಲಿ ಅವರು ವಿಶ್ವದ ನಂಬರ್ 1 ಆದರು. ಚರ್ಚ್‌ಗೇಟ್ ಸ್ಟೇಷನ್‌ನಿಂದ ನಡೆದುಕೊಂಡು ಹೋಗಿ ನೋಡಬಹುದಿತ್ತು, ಅಲ್ವಾ?

ಇನ್ನು ವಯಸ್ಸಿನ ವಿಷಯ. ಅಪ್ಪ-ಅಮ್ಮಂದಿರು ಕಿವಿಗೊಡಬೇಕಾದದ್ದು ಇದಕ್ಕೆ. 14 ತುಂಬದೆ ವೃತ್ತಿಪರ ಟೂರ್ನಿ ಆಡುವಂತಿಲ್ಲ. 14ರಿಂದ 17ರವರೆಗೂ ವರ್ಷಕ್ಕೆ ಇಷ್ಟೇ ಟೂರ್ನಿ ಅನ್ನುವ ಮಿತಿ ಇದೆ, ವಯಸ್ಸು ಏರಿದಂತೆ ಮಿತಿ ಸಡಿಲವಾಗುತ್ತದೆ. 18 ಆದ ಮೇಲೆ ತಡೆ ಇಲ್ಲ. ಸಣ್ಣ ವಯಸ್ಸಿಗೇ ಮೇಲೇರಿದ ಹುಡುಗಿಯರು ಗಾಯ, ಒತ್ತಡಗಳಿಂದ ಬೇಗ ಸುಸ್ತಾದದ್ದನ್ನು ನೋಡಿ 1990ರ ದಶಕದಲ್ಲಿ ಈ ನಿಯಮ ಬಿಗಿ ಮಾಡಿದರು. ಒಳ್ಳೆಯ ನಿಯಮ. "12 ವರ್ಷಕ್ಕೇ ಶಾಲೆ ಬಿಡಿಸಿದ್ದೇವೆ" ಅನ್ನುವವರನ್ನು ಕಂಡಾಗ ನನಗೆ ಹೆದರಿಕೆಯಾಗುತ್ತದೆ. ಆ ವಯಸ್ಸಿಗೆ ಅಖಿಲ ಭಾರತ ಟೆನಿಸ್ ಸಂಸ್ಥೆ, ಅಂದರೆ ಎಐಟಿಎ ನಡೆಸುವ 12, 14, 16, 18 ವರ್ಷದೊಳಗಿನವರ ಟೂರ್ನಿಗಳಿವೆ. 13 ಆದ ಮೇಲೆ ಐಟಿಎಫ್ ಜೂನಿಯರ್ ಟೂರ್ನಿಗಳಿವೆ. ಶಾಲೆ ಬಿಟ್ಟರೆ ರ‍್ಯಾಂಕ್ ಬೇಗ ಬರುತ್ತದೆ ಅಂತೇನಿಲ್ಲ.

ಓದನ್ನೂ ಆಟವನ್ನೂ ಜೊತೆಗೆ ಒಯ್ಯುವ ದಾರಿ ಅಮೆರಿಕದ ಕಾಲೇಜು ಟೆನಿಸ್. ಸ್ಕಾಲರ್‌ಶಿಪ್ ಸಿಕ್ಕರೆ ಫೀಸು, ಕೋಚ್, ಜಿಮ್, ಪ್ರಯಾಣ ಎಲ್ಲ ಕಾಲೇಜಿನದ್ದು. ಮಹಾರಾಷ್ಟ್ರದ ಋತುಜಾ ಭೋಸಲೆ ಟೆಕ್ಸಸ್ ಎ ಆ್ಯಂಡ್ ಎಂ ವಿಶ್ವವಿದ್ಯಾಲಯದಲ್ಲಿ ಆಡಿ ಓದಿ ಬಂದವರು. ಹಾಂಗ್‌ಝೌ ಏಷ್ಯನ್ ಗೇಮ್ಸ್ 2023ರಲ್ಲಿ ನಡೆದಾಗ ಮಿಶ್ರ ಡಬಲ್ಸ್ ಚಿನ್ನ ಗೆದ್ದರು. ಜೊತೆಗಾರ ಯಾರು ಅಂತ ಕೊಡಗಿನವರಿಗೆ ಹೇಳಬೇಕಿಲ್ಲ: ರೋಹನ್ ಬೋಪಣ್ಣ. 18ರಿಂದ 22ರವರೆಗಿನ ಬೆಲೆಬಾಳುವ ವರ್ಷಗಳು ಹೋಗುತ್ತವೆ ಅನ್ನುವ ಆಕ್ಷೇಪ ಇದೆ, ಅದರಲ್ಲಿ ಸ್ವಲ್ಪ ನಿಜವೂ ಇದೆ. ಆದರೆ ಆ ನಾಲ್ಕು ವರ್ಷ ಮನೆಯ ದುಡ್ಡು ಸುಡುವುದು ತಪ್ಪುತ್ತದೆ, ಕೈಯಲ್ಲಿ ಡಿಗ್ರಿಯೂ ಇರುತ್ತದೆ. ಮಧ್ಯಮ ವರ್ಗದ ಮನೆಗೆ ನಾನು ಹೇಳುವುದಾದರೆ ಇದೇ ದಾರಿ.

ಸಾನಿಯಾ ಹುಟ್ಟಿದ್ದು ಮುಂಬೈನಲ್ಲಿ, 1986ರಲ್ಲಿ. ಬೆಳೆದದ್ದು ಹೈದರಾಬಾದ್‌ನಲ್ಲಿ. 2005ರಲ್ಲಿ ಹೈದರಾಬಾದ್ ಓಪನ್ ಗೆದ್ದು, ಡಬ್ಲ್ಯುಟಿಎ ಸಿಂಗಲ್ಸ್ ಪ್ರಶಸ್ತಿ ಪಡೆದ ಮೊದಲ ಭಾರತೀಯ ಮಹಿಳೆಯಾದರು. ಆ ವರ್ಷ ಯುಎಸ್ ಓಪನ್‌ನಲ್ಲಿ ನಾಲ್ಕನೇ ಸುತ್ತು. 2007ರಲ್ಲಿ ರ‍್ಯಾಂಕ್ 27. ಗಮನಿಸಿ, ತವರಿನಲ್ಲಿ ನಡೆದ ಟೂರ್ನಿಯೇ ಅವರಿಗೂ ಏಣಿಯಾಯಿತು. ಆಮೇಲೆ ಮಣಿಕಟ್ಟು, ಮೊಣಕಾಲು ಕೈಕೊಟ್ಟವು. ಶಸ್ತ್ರಚಿಕಿತ್ಸೆಗಳಾದವು. ಸಿಂಗಲ್ಸ್ ಬಿಟ್ಟು ಡಬಲ್ಸ್‌ಗೆ ಹೊರಳಿದರು. ಅದನ್ನು ಹಿನ್ನಡೆ ಅಂದವರು ಬಹಳ ಜನ. ಡಬಲ್ಸ್‌ನಲ್ಲಿ ಅರ್ಧ ಕೋರ್ಟ್ ನೋಡಿಕೊಂಡರೆ ಸಾಕು, ದೇಹಕ್ಕೆ ಪೆಟ್ಟು ಕಡಿಮೆ. ಬಹುಮಾನವೂ ಕಡಿಮೆ, ಅದನ್ನೂ ಇಬ್ಬರು ಹಂಚಿಕೊಳ್ಳಬೇಕು. ಆದರೆ ಸಾನಿಯಾ ಅವರ ಫೋರ್‌ಹ್ಯಾಂಡ್ ಹೊಡೆತಕ್ಕೆ ಡಬಲ್ಸ್ ಹೇಳಿ ಮಾಡಿಸಿದಂತಿತ್ತು. 2015ರ ಏಪ್ರಿಲ್‌ನಲ್ಲಿ ಡಬಲ್ಸ್ ನಂಬರ್ 1 ಆದರು. ಮಾರ್ಟಿನಾ ಹಿಂಗಿಸ್ ಜೊತೆ 2015ರ ವಿಂಬಲ್ಡನ್, ಯುಎಸ್ ಓಪನ್, 2016ರ ಆಸ್ಟ್ರೇಲಿಯನ್ ಓಪನ್. ಮಿಶ್ರ ಡಬಲ್ಸ್‌ನ ಮೂರು ಸೇರಿಸಿದರೆ ಒಟ್ಟು 6 ಗ್ರ್ಯಾಂಡ್ ಸ್ಲಾಮ್. ಸಿಂಗಲ್ಸ್ ಪಟ್ಟಿಯ ಮೊದಲ 100ರೊಳಗೆ ಹೋದ ಭಾರತದ ಮಹಿಳೆ ಅಂದರೆ ಅವರೊಬ್ಬರೇ.

2018ರಲ್ಲಿ ಮಗ ಹುಟ್ಟಿದ. 2020ರ ಜನವರಿಯಲ್ಲಿ ಹೋಬಾರ್ಟ್‌ನಲ್ಲಿ ನಾಡಿಯಾ ಕಿಚೆನೊಕ್ ಜೊತೆ ಆಡಿ ಮೊದಲ ಟೂರ್ನಿಯಲ್ಲೇ ಪ್ರಶಸ್ತಿ ಗೆದ್ದರು. ಎರಡು ವರ್ಷ ಆಡದಿದ್ದರೆ 52 ವಾರದ ನಿಯಮದ ಪ್ರಕಾರ ಪಾಯಿಂಟ್ ಸೊನ್ನೆ ಅಲ್ವಾ, ಹಾಗಾದರೆ ಪ್ರವೇಶ ಹೇಗೆ ಸಿಗುತ್ತದೆ? ಅದಕ್ಕೇ ಸ್ಪೆಷಲ್ ರ‍್ಯಾಂಕಿಂಗ್ ಇದೆ. ಹೆರಿಗೆಗೆ, ದೊಡ್ಡ ಗಾಯಕ್ಕೆ ಆಟ ನಿಲ್ಲಿಸಿದವರು ಹಳೆಯ ರ‍್ಯಾಂಕ್ ತೋರಿಸಿ ಕೆಲವು ಟೂರ್ನಿಗಳಿಗೆ ಬರಬಹುದು. ಮಗು ಹುಟ್ಟಿ ಮೂರು ವರ್ಷದೊಳಗೆ ಮರಳಿದರೆ ಈ ಸೌಲಭ್ಯ ಸಿಗುತ್ತದೆ. ಪುಣೆಯಲ್ಲಿ ಗೆದ್ದಿದ್ದ ಸ್ವಿಟೋಲಿನಾ 2022ರ ಅಕ್ಟೋಬರ್‌ನಲ್ಲಿ ತಾಯಿಯಾಗಿ, ಮುಂದಿನ ಜುಲೈಯಲ್ಲಿ ವಿಂಬಲ್ಡನ್ ಸೆಮಿಫೈನಲ್ ಆಡಿದರು. ಸಂಬಳ ಸಹಿತ ಹೆರಿಗೆ ರಜೆ ಮಾತ್ರ ಬಂದದ್ದು 2025ರಲ್ಲಿ: ಡಬ್ಲ್ಯುಟಿಎ 12 ತಿಂಗಳವರೆಗಿನ ನೆರವಿನ ನಿಧಿ ಘೋಷಿಸಿತು. 1973ರಲ್ಲಿ ಅಮೆರಿಕದ ಆಟಗಾರ್ತಿ ಬಿಲ್ಲಿ ಜೀನ್ ಕಿಂಗ್ ಮುಂದಾಳತ್ವದಲ್ಲಿ ಕಟ್ಟಿದ ಸಂಸ್ಥೆಗೆ ಇದಕ್ಕೆ 52 ವರ್ಷ ಬೇಕಾಯಿತು. ಸಮಾನ ಬಹುಮಾನವೂ ಹಾಗೇ, ಯುಎಸ್ ಓಪನ್ 1973ರಲ್ಲೇ ಕೊಟ್ಟಿತು, ವಿಂಬಲ್ಡನ್ ಕೊಟ್ಟದ್ದು 2007ರಲ್ಲಿ.

ದೇಶಕ್ಕಾಗಿ ಆಡುವುದು ಇವೆಲ್ಲದರ ನಡುವೆ ಒಂದೆರಡು ವಾರ. 2025ರ ಏಪ್ರಿಲ್‌ನಲ್ಲಿ ಮಹಿಳಾ ರಾಷ್ಟ್ರೀಯ ತಂಡಗಳ ಟೂರ್ನಿಯಾದ ಬಿಲ್ಲಿ ಜೀನ್ ಕಿಂಗ್ ಕಪ್‌ನ ಏಷ್ಯಾ-ಓಷಿಯಾನಿಯಾ ಗುಂಪು ಪುಣೆಯ ಬಾಲೇವಾಡಿಯಲ್ಲೇ ನಡೆಯಿತು. ಶ್ರೀವಲ್ಲಿ ಭಮಿಡಿಪಾಟಿ ತಮ್ಮ ಸಿಂಗಲ್ಸ್ ಎಲ್ಲ ಗೆದ್ದರು, ಭಾರತ ಪ್ಲೇ-ಆಫ್‌ಗೆ ಹೋಯಿತು.

ಚಳಿಗಾಲದಲ್ಲಿ ಪುಣೆಯ ಡೆಕ್ಕನ್ ಜಿಮ್ಖಾನಾದಲ್ಲಿ ಐಟಿಎಫ್ ಮಹಿಳಾ ಟೂರ್ನಿ ವರ್ಷಗಳಿಂದ ನಡೆದುಕೊಂಡು ಬಂದಿದೆ. ಪ್ರಾಯೋಜಕರು ಎನ್‌ಇಸಿಸಿ, ಅದೇ ಮೊಟ್ಟೆ ಜಾಹೀರಾತಿನವರು. ಹೋದರೆ ಮೊದಲು ಗೋಡೆಗೆ ಅಂಟಿಸಿದ ಡ್ರಾ ಶೀಟ್ ನೋಡಿ. ಹೆಸರಿನ ಪಕ್ಕ ಕ್ಯೂ ಇದ್ದರೆ ಕ್ವಾಲಿಫೈಯಿಂಗ್ ಗೆದ್ದು ಬಂದವಳು, ಆಗಲೇ ಎರಡು-ಮೂರು ಪಂದ್ಯ ಆಡಿ ಕೈ ಪಳಗಿರುತ್ತದೆ. ಡಬ್ಲ್ಯುಸಿ ಇದ್ದರೆ ವೈಲ್ಡ್ ಕಾರ್ಡ್, ಸಾಮಾನ್ಯವಾಗಿ ನಮ್ಮ ಹುಡುಗಿ. ಎಲ್‌ಎಲ್ ಅಂದರೆ ಲಕ್ಕಿ ಲೂಸರ್. ಜೆಆರ್ ಅಂದರೆ ಒಳ್ಳೆಯ ಜೂನಿಯರ್ ರ‍್ಯಾಂಕ್ ಇರುವುದರಿಂದ ಮೀಸಲು ಜಾಗ ಪಡೆದವಳು. ಕ್ವಾಲಿಫೈಯಿಂಗ್ ಸಾಮಾನ್ಯವಾಗಿ ಭಾನುವಾರ, ಸೋಮವಾರ. ಮುಖ್ಯ ಡ್ರಾ ಮಂಗಳವಾರದಿಂದ. ಮಗಳನ್ನು ಕರೆದುಕೊಂಡು ಹೋಗುವುದಾದರೆ ಫೈನಲ್‌ಗಿಂತ ಈ ಮೊದಲ ದಿನಗಳೇ ವಾಸಿ. ಎಲ್ಲ ಕೋರ್ಟ್‌ಗಳಲ್ಲೂ ಬೆಳಗ್ಗೆಯಿಂದ ಪಂದ್ಯ ಇರುತ್ತದೆ, ಬೇಲಿಯ ಪಕ್ಕದಲ್ಲೇ ನಿಂತು ನೋಡಬಹುದು. ಪಂದ್ಯ ಮುಗಿಸಿ ಬಂದವಳ ಅಮ್ಮನೋ ಕೋಚೋ ಹತ್ತಿರದಲ್ಲೇ ಇರುತ್ತಾರೆ. ಗೆದ್ದ ದಿನ ಕೇಳಿದರೆ ಖರ್ಚಿನ ಲೆಕ್ಕವನ್ನೂ ಹೇಳುತ್ತಾರೆ.